ನಗರದ ನಿರುದ್ಯೋಗ ದರ ಇಳಿದಾಗ ಇಳಿದದ್ದೇನು?

ಒಂದು ಮಹಾನಗರದಲ್ಲಿ ಹದಿನೈದು ವರ್ಷ ದಾಟಿದವರು 80 ಲಕ್ಷ ಮಂದಿ ಇದ್ದಾರೆ ಎಂದುಕೊಳ್ಳೋಣ. ಅವರಲ್ಲಿ 45 ಲಕ್ಷ ಮಂದಿಗೆ ಏನಾದರೊಂದು ಕೆಲಸವಿದೆ. 3 ಲಕ್ಷ ಮಂದಿ ಕೆಲಸ ಹುಡುಕುತ್ತಿದ್ದಾರೆ. ಉಳಿದ 32 ಲಕ್ಷ ಮಂದಿ ಓದುತ್ತಿರಬಹುದು, ಮನೆ ನೋಡಿಕೊಳ್ಳುತ್ತಿರಬಹುದು, ನಿವೃತ್ತರಿರಬಹುದು, ಕಾಯಿಲೆಯಲ್ಲಿರಬಹುದು. ದುಡಿಯುವವರನ್ನೂ ಹುಡುಕುವವರನ್ನೂ ಕೂಡಿಸಿದರೆ 48 ಲಕ್ಷ. ಇದಕ್ಕೆ ಕಾರ್ಮಿಕ ಬಲ ಎಂದು ಹೆಸರು. 48 ಲಕ್ಷದಲ್ಲಿ 3 ಲಕ್ಷ ಎಂದರೆ ಶೇ 6.25. ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರುವ ನಿರುದ್ಯೋಗ ದರ ಇದೇ.

ಮುಂದಿನ ಆರು ತಿಂಗಳಲ್ಲಿ ನಗರದಲ್ಲಿ ಒಂದೇ ಒಂದು ಹೊಸ ಕೆಲಸವೂ ಹುಟ್ಟಲಿಲ್ಲ ಎಂದಿಟ್ಟುಕೊಳ್ಳಿ. ಆ ಮೂರು ಲಕ್ಷದಲ್ಲಿ 60 ಸಾವಿರ ಮಂದಿ ಅಲೆದು ಅಲೆದು ಸಾಕಾಗಿ ಹುಡುಕುವುದನ್ನೇ ಬಿಟ್ಟರು. ಈಗ ಹುಡುಕುವವರು 2.4 ಲಕ್ಷ, ಕಾರ್ಮಿಕ ಬಲ 47.4 ಲಕ್ಷ. ದರ ಶೇ 5.06ಕ್ಕೆ ಇಳಿಯಿತು. ‘ನಿರುದ್ಯೋಗದಲ್ಲಿ ಗಣನೀಯ ಇಳಿಕೆ’ ಎಂಬ ತಲೆಬರಹ ಬಂತು. ಲೆಕ್ಕ ತಪ್ಪಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಆದರೂ 60 ಸಾವಿರ ಮನೆಗಳಲ್ಲಿ ಪರಿಸ್ಥಿತಿ ಮೊದಲಿಗಿಂತ ಕೆಟ್ಟಿದೆ.

ಇದಕ್ಕೆ ತಿರುಗುಮುರುಗಾದದ್ದೂ ಆಗುತ್ತದೆ. ಅದೇ ನಗರದಲ್ಲಿ 50 ಸಾವಿರ ಹೊಸ ಕೆಲಸಗಳು ಹುಟ್ಟಿದವು; ಸುದ್ದಿ ಕೇಳಿ ಸುತ್ತಲಿನ ಊರುಗಳಿಂದ ಒಂದು ಲಕ್ಷ ಮಂದಿ ಬಂದಿಳಿದರು. ದುಡಿಯುವವರು 45.5 ಲಕ್ಷ, ಹುಡುಕುವವರು 3.5 ಲಕ್ಷ, ದರ ಶೇ 7.14. ಕೆಲಸ ಹೆಚ್ಚಾಯಿತು, ನಿರುದ್ಯೋಗವೂ ಹೆಚ್ಚಾಯಿತು. ಇದೇ ವಿಷಯವನ್ನು ಜಾನ್ ಹ್ಯಾರಿಸ್ ಮತ್ತು ಮೈಕೆಲ್ ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲೇ ಸಿದ್ಧಾಂತವಾಗಿ ಮುಂದಿಟ್ಟಿದ್ದರು. ಹಳ್ಳಿಯಿಂದ ಹೊರಡುವವನು ನಗರದ ಸಂಬಳವನ್ನಷ್ಟೇ ನೋಡುವುದಿಲ್ಲ. ಆ ಕೆಲಸ ತನಗೆ ಸಿಗುವ ಸಾಧ್ಯತೆ ಎಷ್ಟು ಎಂಬುದನ್ನೂ ಸೇರಿಸಿ ತೂಗುತ್ತಾನೆ. ಕೆಲಸ ಸಿಗುವ ಸಾಧ್ಯತೆ ತುಸು ಹೆಚ್ಚಿದರೂ ಹೊರಡುವವರ ಸಂಖ್ಯೆ ಏರುತ್ತದೆ. ಹೀಗಾಗಿ ನಗರದಲ್ಲಿ ಮಾತ್ರ ಕೆಲಸ ಸೃಷ್ಟಿಸಿ ಅಲ್ಲಿನ ನಿರುದ್ಯೋಗ ಅಳಿಸುತ್ತೇವೆಂದು ಹೊರಟರೆ ಅದು ಇನ್ನಷ್ಟು ಏರಬಹುದು.

ದೇಶದ ನಿರುದ್ಯೋಗ ದರಕ್ಕೂ ಮಹಾನಗರದ ದರಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ದೇಶಕ್ಕೆ ಗಡಿ ಇದೆ, ನಗರಕ್ಕೆ ಬಾಗಿಲೇ ಇಲ್ಲ. ಭಿನ್ನರಾಶಿಯ ಮೇಲಿನ ಸಂಖ್ಯೆಯೂ ಕೆಳಗಿನ ಸಂಖ್ಯೆಯೂ ಒಟ್ಟೊಟ್ಟಿಗೆ ಓಡಾಡುತ್ತಿರುತ್ತವೆ. ಆದ್ದರಿಂದ ದರವೊಂದನ್ನೇ ಹಿಡಿದು ಒಂದು ನಗರ ಸುಧಾರಿಸಿತು ಅಥವಾ ಕುಸಿಯಿತು ಎಂದು ತೀರ್ಮಾನಿಸುವುದನ್ನು ನಾವು ಒಪ್ಪುವುದಿಲ್ಲ. ಅದರ ಪಕ್ಕದಲ್ಲಿ ಕನಿಷ್ಠ ಇನ್ನೆರಡು ಅಂಕಿಗಳು ಬೇಕು: ವಯಸ್ಕರಲ್ಲಿ ದುಡಿಯುವವರ ಪಾಲು ಎಷ್ಟು, ಮತ್ತು ಕೆಲಸವಿಲ್ಲದವರು ಎಷ್ಟು ಕಾಲದಿಂದ ಹಾಗಿದ್ದಾರೆ. ಮೇಲಿನ ಮೊದಲ ಉದಾಹರಣೆಯಲ್ಲಿ ದುಡಿಯುವವರ ಪಾಲು ಶೇ 56.25 ಇತ್ತು, ದರ ಇಳಿದ ಮೇಲೂ ಶೇ 56.25 ಆಗಿಯೇ ಉಳಿಯಿತು. ಎರಡನೆಯದರಲ್ಲಿ ವಯಸ್ಕರು 81 ಲಕ್ಷವಾದರು, ಪಾಲು ಶೇ 56.17. ಅಂದರೆ ಎರಡೂ ಸಂದರ್ಭಗಳಲ್ಲಿ ನಗರದ ಕೆಲಸ ಕೊಡುವ ಶಕ್ತಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ದರ ಮಾತ್ರ ಒಮ್ಮೆ ಒಂದು ಶೇಕಡಾ ಅಂಶಕ್ಕೂ ಹೆಚ್ಚು ಇಳಿಯಿತು, ಇನ್ನೊಮ್ಮೆ ಸುಮಾರು 0.9 ಅಂಶ ಏರಿತು.

ಇನ್ನು ‘ಕೆಲಸವಿದೆ’ ಎಂದರೆ ಏನು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಆಶ್ರಯದಲ್ಲಿ ಸೇರುವ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನ 1982ರಲ್ಲಿ ಒಪ್ಪಿದ, 2013ರಲ್ಲಿ ಪರಿಷ್ಕರಿಸಿದ ಅಳತೆಗೋಲನ್ನು ಬಹುತೇಕ ದೇಶಗಳು ಬಳಸುತ್ತವೆ. ನಿರುದ್ಯೋಗಿ ಎನಿಸಿಕೊಳ್ಳಲು ಮೂರು ಷರತ್ತುಗಳು ಒಟ್ಟಿಗೆ ಸಲ್ಲಬೇಕು. ಕೆಲಸ ಇರಬಾರದು, ಕೆಲಸ ಸಿಕ್ಕರೆ ತಕ್ಷಣ ಸೇರಲು ಸಿದ್ಧರಿರಬೇಕು, ಇತ್ತೀಚಿನ ವಾರಗಳಲ್ಲಿ ಕೆಲಸ ಹುಡುಕಿರಬೇಕು. ಇನ್ನೊಂದು ಬದಿಯಲ್ಲಿ, ಲೆಕ್ಕಕ್ಕೆ ಹಿಡಿದ ವಾರದಲ್ಲಿ ಸಂಬಳಕ್ಕೋ ಲಾಭಕ್ಕೋ ಒಂದೇ ಒಂದು ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಿ.

ಈ ಒಂದು ಗಂಟೆಯ ನಿಯಮವನ್ನು ಮೋಸ ಎಂದು ಬೈಯುವವರಿದ್ದಾರೆ. ಮೋಸವಲ್ಲ. ಒಟ್ಟು ಉತ್ಪಾದನೆಗೂ ಒಟ್ಟು ದುಡಿಮೆಗೂ ತಾಳೆ ಹಾಕಬೇಕಾದರೆ ಸಣ್ಣಪುಟ್ಟ ಕೆಲಸವನ್ನೂ ಎಣಿಸಲೇಬೇಕು. ಹತ್ತು ಗಂಟೆ, ಇಪ್ಪತ್ತು ಗಂಟೆ ಎಂದು ಗೆರೆ ಎಳೆದರೆ ಆ ಗೆರೆಯೂ ಅಷ್ಟೇ ಮನಸೋಇಚ್ಛೆಯದ್ದಾಗುತ್ತದೆ. ತೊಂದರೆ ಇರುವುದು ಆ ನಿಯಮದಿಂದ ಹೊರಬಂದ ಅಂಕಿಯನ್ನು ಬದುಕಿನ ಭದ್ರತೆಯ ಅಂಕಿ ಎಂದು ಓದುವುದರಲ್ಲಿ. ಮಹಾನಗರದಲ್ಲಿ ಇದು ಹೆಚ್ಚು ಕಾಡುತ್ತದೆ. ಕಂಪನಿಯ ಕೆಲಸ ಹೋದವರು ಮರುವಾರವೇ ಬೈಕ್ ಹಿಡಿದು ಡೆಲಿವರಿಗೆ ಇಳಿಯಬಹುದು, ರಾತ್ರಿ ಕ್ಯಾಬ್ ಓಡಿಸಬಹುದು, ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಬಹುದು. ಆ್ಯಪ್‌ಗೆ ಲಾಗಿನ್ ಆಗಿ ಮೂರು ಆರ್ಡರ್ ಮುಗಿಸಿದರೆ ಸಾಕು, ಸರ್ವೆಯ ಕಣ್ಣಿಗೆ ಅವರು ಉದ್ಯೋಗಿಗಳು. ಆದಾಯ ಮೂರನೇ ಒಂದು ಭಾಗಕ್ಕೆ ಇಳಿದದ್ದು ನಿರುದ್ಯೋಗ ದರದಲ್ಲಿ ಎಲ್ಲೂ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ವಾರಕ್ಕೆ ದುಡಿದ ಗಂಟೆಗಳ ಕೋಷ್ಟಕವನ್ನು, ಇನ್ನೂ ಹೆಚ್ಚು ಗಂಟೆ ದುಡಿಯಲು ಸಿದ್ಧರಿದ್ದೂ ಕೆಲಸ ಸಿಗದವರ ಸಂಖ್ಯೆಯನ್ನು ನೋಡಬೇಕು. 2013ರ ನಿರ್ಣಯ ಇದಕ್ಕೆಂದೇ ನಾಲ್ಕು ಹಂತಗಳ ಅಳತೆ ಕೊಟ್ಟಿದೆ: ಮೊದಲನೆಯದು ಬರೀ ನಿರುದ್ಯೋಗ, ಎರಡನೆಯದರಲ್ಲಿ ಕಡಿಮೆ ಗಂಟೆಯವರೂ ಸೇರುತ್ತಾರೆ, ಮೂರನೆಯದರಲ್ಲಿ ನಿರುದ್ಯೋಗಿಗಳ ಜೊತೆ ಹುಡುಕಾಟ ಬಿಟ್ಟವರಂತೆ ಕಾರ್ಮಿಕ ಬಲದ ಅಂಚಿನಲ್ಲಿ ನಿಂತವರು, ನಾಲ್ಕನೆಯದರಲ್ಲಿ ಎಲ್ಲರೂ. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದ್ದರೆ ನಗರದಲ್ಲಿ ಕೆಲಸದ ಗುಣಮಟ್ಟ ಕುಸಿಯುತ್ತಿದೆ ಎಂದರ್ಥ, ದರ ಸುಮ್ಮನೆ ಕೂತಿದ್ದರೂ ಸರಿ.

ಲೆಕ್ಕಕ್ಕೆ ಹಿಡಿಯುವ ಅವಧಿ ಬದಲಾದರೂ ಅಂಕಿ ಬದಲಾಗುತ್ತದೆ. ಭಾರತದಲ್ಲಿ 2017ರ ಏಪ್ರಿಲ್‌ನಲ್ಲಿ ಆರಂಭವಾದ ಪಿಎಲ್‌ಎಫ್‌ಎಸ್ (ಆವರ್ತಕ ಕಾರ್ಮಿಕ ಬಲ ಸಮೀಕ್ಷೆ) ಎರಡು ಬಗೆಯ ದರ ಕೊಡುತ್ತದೆ. ಒಂದು ಹಿಂದಿನ 365 ದಿನಗಳನ್ನು ನೋಡುವ ‘ಸಾಮಾನ್ಯ ಸ್ಥಿತಿ’, ಇನ್ನೊಂದು ಹಿಂದಿನ ಏಳು ದಿನಗಳನ್ನು ನೋಡುವ ‘ಪ್ರಸ್ತುತ ವಾರದ ಸ್ಥಿತಿ’. ವರ್ಷದಲ್ಲಿ ನಡುನಡುವೆ ಕೆಲಸ ಸಿಕ್ಕು ನಡುನಡುವೆ ಖಾಲಿ ಕೂರುವವರು ಮೊದಲನೆಯದರಲ್ಲಿ ಉದ್ಯೋಗಿಗಳಾಗಿ ಕಾಣುತ್ತಾರೆ. ಖಾಲಿ ಇದ್ದ ವಾರದಲ್ಲಿ ಸರ್ವೆಯವರು ಬಂದರೆ ಎರಡನೆಯದರಲ್ಲಿ ನಿರುದ್ಯೋಗಿಗಳು. ಹೀಗಾಗಿ ವಾರದ ದರ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಕಳೆದ ವರ್ಷದ ವಾರ್ಷಿಕ ಅಂಕಿಯ ಪಕ್ಕದಲ್ಲಿ ಈ ತಿಂಗಳ ವಾರದ ಅಂಕಿ ಇಟ್ಟು ‘ಏರಿಕೆ’ ಎನ್ನುವುದು ಅತಿ ಸಾಮಾನ್ಯವಾದ ತಪ್ಪು. 2025ರ ಜನವರಿಯಿಂದ ಈ ಸಮೀಕ್ಷೆಯ ವಿನ್ಯಾಸವೇ ಬದಲಾಗಿ ತಿಂಗಳ ಅಂದಾಜುಗಳು ಶುರುವಾಗಿವೆ. ಆ ಗೆರೆಯ ಆಚೀಚೆ ಹೋಲಿಸುವಾಗಲೂ ಎಚ್ಚರ ಬೇಕು.

ಮುಂದಿನ ಪ್ರಶ್ನೆ: ನಗರ ಎಂದರೆ ಎಲ್ಲಿಂದ ಎಲ್ಲಿಗೆ? ಪಾಲಿಕೆಯ ಗಡಿ ಎಂದರೆ ಒಂದು ಅಂಕಿ, ಸುತ್ತಲಿನ ಬಡಾವಣೆಗಳು ಮತ್ತು ಕೈಗಾರಿಕಾ ಪ್ರದೇಶ ಸೇರಿಸಿದರೆ ಇನ್ನೊಂದು. ಅಮೆರಿಕದಲ್ಲಿ ಒಂದು ಹೊರವಲಯದ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಘಟಕ) ನೆಲೆಸಿ ದುಡಿಯುವವರ ಪೈಕಿ ಶೇ 25ರಷ್ಟು ಮಂದಿ ಕೇಂದ್ರ ಕೌಂಟಿಗಳಿಗೆ ಹೋಗಿಬರುತ್ತಿದ್ದರೆ ಅದನ್ನು ಮಹಾನಗರದೊಳಗೆ ಸೇರಿಸುತ್ತಾರೆ. ಐರೋಪ್ಯ ಒಕ್ಕೂಟ ಮತ್ತು ಹೆಚ್ಚಾಗಿ ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿ ಬಳಸುವ ವ್ಯಾಖ್ಯೆಯಲ್ಲಿ ಈ ಮಿತಿ ಶೇ 15. ದಿನನಿತ್ಯದ ಓಡಾಟವನ್ನು ಆಧಾರವಾಗಿಟ್ಟುಕೊಳ್ಳುವ ಈ ಕ್ರಮವೇ ಸರಿ. ಕೆಲಸ ಹುಡುಕುವವರಿಗೆ ಪಾಲಿಕೆಯ ಗಡಿಕಲ್ಲು ಲೆಕ್ಕಕ್ಕಿಲ್ಲ. ಒಂದೂವರೆ ಗಂಟೆಯೊಳಗೆ ತಲುಪಬಹುದೇ, ಬಸ್ಸಿನ ಖರ್ಚು ಸಂಬಳವನ್ನು ತಿಂದುಹಾಕುತ್ತದೆಯೇ ಎಂಬುದಷ್ಟೇ ಮುಖ್ಯ.

ಆ ದೂರವೂ ನಿರುದ್ಯೋಗಕ್ಕೆ ಒಂದು ಕಾರಣ. ಅರ್ಥಶಾಸ್ತ್ರಜ್ಞ ಜಾನ್ ಕೇನ್ 1968ರಲ್ಲಿ ಅಮೆರಿಕದ ಶಿಕಾಗೊ ಮತ್ತು ಡೆಟ್ರಾಯಿಟ್ ನಗರಗಳ ಅಂಕಿ ಮುಂದಿಟ್ಟು ಇದನ್ನು ಹೇಳಿದರು. ಕಾರ್ಖಾನೆಗಳು ಹೊರವಲಯಕ್ಕೆ ಸರಿದವು. ಮನೆ ಕೊಡುವುದರಲ್ಲಿದ್ದ ಜನಾಂಗ ತಾರತಮ್ಯದಿಂದಾಗಿ ಕಪ್ಪು ಜನಾಂಗದ ಕಾರ್ಮಿಕರು ಅವುಗಳ ಹಿಂದೆ ಹೋಗಲಾರದೆ ನಗರದ ನಡುವೆಯೇ ಉಳಿದರು. ಕೆಲಸ ಒಂದೆಡೆ, ಕೆಲಸಗಾರರು ಇನ್ನೊಂದೆಡೆ. ಜಗತ್ತಿನ ಎಷ್ಟೋ ನಗರಗಳಲ್ಲಿ ಇಂದು ಇದು ಬೇರೆ ರೂಪದಲ್ಲಿ ಕಾಣುತ್ತದೆ. ಬಾಡಿಗೆ ಕಟ್ಟಲಾಗದವರು ಅಂಚಿಗೆ ತಳ್ಳಲ್ಪಡುತ್ತಾರೆ, ಮನೆಗೆಲಸ, ಕಾವಲು, ಸ್ವಚ್ಛತೆಯ ಕೆಲಸಗಳು ನಡುವೆ ಉಳಿಯುತ್ತವೆ. ಬೆಳಗಿನ ಮೊದಲ ಪಾಳಿಗೆ ಹೊರಡುವ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ ಆ ಕೆಲಸ ಅವರ ಪಾಲಿಗೆ ಇಲ್ಲವೇ ಇಲ್ಲ. ಇಡೀ ಮಹಾನಗರದ ಸರಾಸರಿ ಶೇ 5 ಇದ್ದಾಗ ಒಂದು ಮೂಲೆಯಲ್ಲಿ ಶೇ 3, ಇನ್ನೊಂದು ಮೂಲೆಯಲ್ಲಿ ಶೇ 14 ಇರಬಹುದು. ಸರಾಸರಿ ಯಾರ ಬದುಕನ್ನೂ ಹೇಳುವುದಿಲ್ಲ.

ಹಾಗಾದರೆ ವಾರ್ಡ್‌ವಾರು ಅಂಕಿ ಕೊಡಿ ಎಂದರೆ ಸ್ಯಾಂಪಲ್ ಸಾಲುವುದಿಲ್ಲ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡುವುದು ಒಳ್ಳೆಯದು, ಏಕೆಂದರೆ ತಲೆಬರಹಗಳು ಎಡವುವುದು ಹೆಚ್ಚಾಗಿ ಇಲ್ಲೇ. ಒಂದು ನಗರದ ಸರ್ವೆಯಲ್ಲಿ ಕಾರ್ಮಿಕ ಬಲಕ್ಕೆ ಸೇರಿದ 2,000 ಮಂದಿ ಸಿಕ್ಕಿದ್ದಾರೆ, ದರ ಶೇ 6 ಬಂದಿದೆ ಎನ್ನೋಣ. 0.06 ಮತ್ತು 0.94ನ್ನು ಗುಣಿಸಿ, 2,000ದಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.0053. ಅಂದರೆ ಮಾನಕ ದೋಷ, ಎಂದರೆ ಎಲ್ಲರನ್ನೂ ಕೇಳದೆ ಕೆಲವರನ್ನಷ್ಟೇ ಕೇಳಿದ್ದರಿಂದ ಆಗಬಹುದಾದ ತಪ್ಪಿನ ಅಳತೆ, ಶೇ 0.53 ಅಂಶ. ಇದರ ಸುಮಾರು ಎರಡು ಪಟ್ಟು ಆಚೀಚೆ ಹಿಡಿದರೆ ನಿಜವಾದ ದರ ಶೇ 5ರಿಂದ ಶೇ 7ರ ನಡುವೆ ಎಲ್ಲಿಯಾದರೂ ಇರಬಹುದು. ಎರಡು ತ್ರೈಮಾಸಿಕಗಳನ್ನು ಹೋಲಿಸುವಾಗ ಎರಡರ ದೋಷವೂ ಸೇರುತ್ತದೆ. ಸ್ಯಾಂಪಲ್‌ಗಳು ಬೇರೆಬೇರೆಯಾಗಿದ್ದರೆ ವ್ಯತ್ಯಾಸ ಸುಮಾರು ಒಂದೂವರೆ ಅಂಶ ದಾಟುವವರೆಗೆ ಅದು ನಿಜವಾದ ಬದಲಾವಣೆ ಎಂದು ಹೇಳಲಾಗದು. ಮೇಲಾಗಿ ಸರ್ವೆಗಳು ಒಂದೊಂದು ಬ್ಲಾಕ್ ಆರಿಸಿ ಅಲ್ಲಿನ ಅಕ್ಕಪಕ್ಕದ ಮನೆಗಳನ್ನೇ ಕೇಳುತ್ತವೆ, ಅಕ್ಕಪಕ್ಕದವರ ಪರಿಸ್ಥಿತಿ ಒಂದೇ ಥರ ಇರುವುದರಿಂದ ದೋಷ ಇನ್ನೂ ದೊಡ್ಡದು. ‘ಶೇ 6ರಿಂದ 6.8ಕ್ಕೆ ಜಿಗಿತ’ ಎಂಬ ಸುದ್ದಿ ಓದಿದಾಗ ಇದು ನೆನಪಿರಬೇಕು. ಒಂದೇ ತ್ರೈಮಾಸಿಕದ ಬದಲು ನಾಲ್ಕು ತ್ರೈಮಾಸಿಕಗಳ ಸರಾಸರಿ ತೆಗೆದು ಹಿಂದಿನ ವರ್ಷದ ನಾಲ್ಕರ ಸರಾಸರಿಗೆ ಹೋಲಿಸಿದರೆ ಗದ್ದಲ ಬಹಳಷ್ಟು ಅಡಗುತ್ತದೆ. ಪರೀಕ್ಷೆ ಮುಗಿಸಿದ ಹೊಸ ಪದವೀಧರರು ಒಟ್ಟಿಗೆ ಮಾರುಕಟ್ಟೆಗೆ ಬರುವ ತಿಂಗಳು, ಹಬ್ಬದ ವ್ಯಾಪಾರಕ್ಕೆ ತಾತ್ಕಾಲಿಕವಾಗಿ ಜನ ತೆಗೆದುಕೊಳ್ಳುವ ತಿಂಗಳು, ಕಟ್ಟಡ ಕೆಲಸ ನಿಲ್ಲುವ ಮಳೆಗಾಲ ಇವುಗಳ ಏರಿಳಿತವೂ ಅದರಲ್ಲೇ ಕರಗುತ್ತದೆ.

ಸ್ಯಾಂಪಲ್ ಗಾತ್ರಕ್ಕಿಂತ ಕಷ್ಟದ್ದು ಬಾಗಿಲು ತೆರೆಯದ ಮನೆಗಳು. ಮಹಾನಗರದ ಅಪಾರ್ಟ್‌ಮೆಂಟುಗಳಲ್ಲಿ ಗೇಟಿನಲ್ಲೇ ತಡೆಯುತ್ತಾರೆ, ಒಂಟಿಯಾಗಿ ಬಾಡಿಗೆಗಿರುವ ಯುವಕರು ಹಗಲು ಸಿಗುವುದಿಲ್ಲ. ಬ್ರಿಟನ್ನಿನ ಕಾರ್ಮಿಕ ಬಲ ಸಮೀಕ್ಷೆಗೆ ಉತ್ತರ ಕೊಡುವವರು ಶೇ 20ಕ್ಕಿಂತ ಕೆಳಗೆ ಇಳಿದು, 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಖ್ಯಾಶಾಸ್ತ್ರ ಕಚೇರಿ ಆ ಅಂಕಿಗಳ ಪ್ರಕಟಣೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಇನ್ನೊಂದು ಸೂಕ್ಷ್ಮ ತೊಂದರೆಯೂ ಇದೆ. ಒಂದೇ ಮನೆಗೆ ಹಲವು ಬಾರಿ ಹೋಗುವ ಸರ್ವೆಗಳಲ್ಲಿ, ಅಮೆರಿಕದ ಸರ್ವೆಯಂತೆ, ವಿಳಾಸವನ್ನು ಹಿಂಬಾಲಿಸುತ್ತಾರೆ, ವ್ಯಕ್ತಿಯನ್ನಲ್ಲ. ಕೆಲಸ ಕಳೆದುಕೊಂಡು ಬಾಡಿಗೆ ಕಟ್ಟಲಾಗದೆ ಊರಿಗೆ ಮರಳಿದವರು ಸ್ಯಾಂಪಲ್‌ನಿಂದಲೇ ಮಾಯವಾಗುತ್ತಾರೆ. ಆ ಮನೆಗೆ ಬಂದ ಹೊಸ ಬಾಡಿಗೆದಾರರಿಗೆ ಕೆಲಸವಿರುತ್ತದೆ; ಇಲ್ಲದಿದ್ದರೆ ಮನೆ ಸಿಗುತ್ತಿರಲಿಲ್ಲ. ಪ್ರಶ್ನೆ ಕೇಳುವವರ ಕೈಯಲ್ಲೂ ತಪ್ಪಾಗಬಹುದು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ದರ ಶೇ 14.7 ಎಂದು ಪ್ರಕಟವಾಯಿತು. ಕೊರೊನಾದಿಂದ ಮುಚ್ಚಿದ ಸಂಸ್ಥೆಗಳ ಎಷ್ಟೋ ಕೆಲಸಗಾರರನ್ನು ತಾತ್ಕಾಲಿಕ ಲೇಆಫ್ ಎನ್ನುವ ಬದಲು ‘ಕೆಲಸವಿದೆ, ಗೈರು’ ಎಂದು ಗುರುತು ಹಾಕಲಾಗಿತ್ತು. ಸರಿಯಾಗಿ ಗುರುತಿಸಿದ್ದರೆ ದರ ಹೆಚ್ಚುಕಡಿಮೆ ಐದು ಅಂಶದಷ್ಟು ಮೇಲಿರುತ್ತಿತ್ತು ಎಂದು ಅಲ್ಲಿನ ಕಾರ್ಮಿಕ ಅಂಕಿಅಂಶ ಸಂಸ್ಥೆ ತಾನೇ ತಿಳಿಸಿತು. ತಪ್ಪನ್ನು ಬಚ್ಚಿಡದೆ ಅಂಕಿಯ ಜೊತೆಯಲ್ಲೇ ಹೇಳಿದ್ದು ದೊಡ್ಡ ವಿಷಯ.

ಸರ್ವೆ ನಿಧಾನ, ಆದ್ದರಿಂದ ಬೇರೆ ಅಂಕಿ ನೋಡೋಣ ಎನ್ನುವವರು ಭವಿಷ್ಯನಿಧಿ ಖಾತೆಗಳತ್ತ ತಿರುಗುತ್ತಾರೆ. ಉಪಯೋಗವಿದೆ, ಮಿತಿಯೂ ಇದೆ. ಹೊಸ ಖಾತೆ ಎಂದರೆ ಹೊಸ ಕೆಲಸವೇ ಆಗಬೇಕಿಲ್ಲ. ಹತ್ತೊಂಬತ್ತು ಮಂದಿ ಇದ್ದ ಸಂಸ್ಥೆ ಇಪ್ಪತ್ತಕ್ಕೆ ಏರಿ ಕಾನೂನಿನ ವ್ಯಾಪ್ತಿಗೆ ಬಂದರೆ ಹಳೆಯ ಕೆಲಸಗಳೇ ಹೊಸದಾಗಿ ಕಾಣಿಸಿಕೊಳ್ಳುತ್ತವೆ. ಸಂಸ್ಥೆಯ ಮುಖ್ಯ ಕಚೇರಿ ಇರುವ ನಗರಕ್ಕೆ ಎಲ್ಲ ಶಾಖೆಗಳ ಕೆಲಸಗಾರರೂ ಜಮೆಯಾಗಬಹುದು. ಆನ್‌ಲೈನ್ ಜಾಹೀರಾತುಗಳನ್ನು ಎಣಿಸುವ ಸೂಚ್ಯಂಕಗಳಲ್ಲಿ ಒಂದೇ ಹುದ್ದೆ ಮೂರು ಏಜೆನ್ಸಿಗಳ ಮೂಲಕ ಮೂರು ಸಲ ಬರುತ್ತದೆ, ತುಂಬಿದ ಹುದ್ದೆಯ ಜಾಹೀರಾತು ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಕಟ್ಟಡದ ಗಾರೆ ಕೆಲಸ ಅಲ್ಲಿ ಬರುವುದೇ ಇಲ್ಲ. ಉದ್ಯೋಗ ವಿನಿಮಯ ಕೇಂದ್ರದ ಪಟ್ಟಿಯಲ್ಲಿ ಕೆಲಸ ಸಿಕ್ಕವರೂ ಹೆಸರು ತೆಗೆಸದೆ ಉಳಿದಿರುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ನಿರುದ್ಯೋಗ ದರ ಕಡಿಮೆ ಇರುವ ನಗರ ಶ್ರೀಮಂತ ನಗರ ಎಂದೇನಿಲ್ಲ. ನಿರುದ್ಯೋಗ ಭತ್ಯೆಯೂ ಉಳಿತಾಯವೂ ಇಲ್ಲದವರು ಒಂದು ವಾರವೂ ಸುಮ್ಮನೆ ಹುಡುಕುತ್ತಾ ಕೂರಲಾರರು, ಸಿಕ್ಕಿದ್ದನ್ನು ಹಿಡಿಯುತ್ತಾರೆ. ತಂದೆ-ತಾಯಿ ಸಾಕುವಷ್ಟು ಅನುಕೂಲವಿರುವ ಪದವೀಧರರು ಒಳ್ಳೆಯ ಹುದ್ದೆಗಾಗಿ, ಪರೀಕ್ಷೆಗಾಗಿ ಎರಡು-ಮೂರು ವರ್ಷ ಕಾಯುತ್ತಾರೆ. ಅದಕ್ಕೇ ಬಡ ದೇಶಗಳ ನಗರಗಳಲ್ಲಿ ಓದಿದವರ ನಿರುದ್ಯೋಗ ದರ ಓದದವರದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಓದು ವ್ಯರ್ಥವಾಯಿತು ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ಕಾಯುವ ಶಕ್ತಿ ಯಾರಿಗಿದೆ ಎಂಬುದೂ ಈ ಅಂಕಿಯೊಳಗೆ ಬೆರೆತಿದೆ.

ಒಂದು ದೊಡ್ಡ ಉದ್ಯಮ ಕುಸಿದಾಗ ನಗರದಲ್ಲಿ ಏನಾಗುತ್ತದೆ? ಏಟು ಮೊದಲು ಬೀಳುವುದು ಆ ಉದ್ಯಮಕ್ಕೆ, ಆಮೇಲೆ ಅದರ ಸಂಬಳದ ಮೇಲೆ ಬದುಕುವ ಇತರ ಕೆಲಸಗಳಿಗೆ. ಒಂದು ನಗರದಲ್ಲಿ ಹೈಟೆಕ್ ಕೆಲಸವೊಂದು ಹುಟ್ಟಿದರೆ ಕಾಲಕ್ರಮದಲ್ಲಿ ಅದರ ಸುತ್ತ ಇನ್ನೂ ಐದು ಕೆಲಸಗಳು ಹುಟ್ಟುತ್ತವೆ ಎಂದು ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ ಅಮೆರಿಕದ ನಗರಗಳ ಬಗ್ಗೆ ಅಂದಾಜು ಮಾಡಿದ್ದಾರೆ. ಚಾಲಕರು, ಅಡುಗೆಯವರು, ಶಿಕ್ಷಕರು, ನರ್ಸ್‌ಗಳು, ವಕೀಲರು. ಕುಸಿತದಲ್ಲಿ ಇದೇ ಸರಪಳಿ ಹಿಮ್ಮುಖವಾಗಿ ಎಳೆಯುತ್ತದೆ. ಆದರೆ ಎಂಜಿನಿಯರ್‌ಗಳ ಲೇಆಫ್ ಸುದ್ದಿಯಾಗುತ್ತದೆ. ಅವರನ್ನು ನಂಬಿದ್ದ ಅಡುಗೆಯವರು ಕೆಲಸ ಮಾಡುವ ಮನೆಗಳು ಒಂದೊಂದಾಗಿ ಕಡಿಮೆಯಾಗುವುದು ಸುದ್ದಿಯಾಗುವುದಿಲ್ಲ. ಲೇಆಫ್‌ಗಳ ಪಟ್ಟಿ ನೋಡಿ ನಗರದ ನಿರುದ್ಯೋಗ ಅಳೆಯುವವರು ಈ ಎರಡನೇ ಅಲೆಯನ್ನು ಕಾಣದೇ ಹೋಗುತ್ತಾರೆ.

ಮುಂದಿನ ಹಂತ ವಲಸೆ. ಅರ್ಥಶಾಸ್ತ್ರಜ್ಞರಾದ ಒಲಿವಿಯರ್ ಬ್ಲಾಂಶಾರ್ ಮತ್ತು ಲಾರೆನ್ಸ್ ಕಾಟ್ಜ್ 1992ರಲ್ಲಿ ಅಮೆರಿಕದ ರಾಜ್ಯಗಳನ್ನು ಅಧ್ಯಯನ ಮಾಡಿ ಕಂಡದ್ದು ಹೀಗೆ: ಒಂದು ರಾಜ್ಯಕ್ಕೆ ಏಟು ಬಿದ್ದ ಆರೇಳು ವರ್ಷಗಳಲ್ಲಿ ಅಲ್ಲಿನ ನಿರುದ್ಯೋಗ ದರ ಹಿಂದಿನ ಮಟ್ಟಕ್ಕೆ ಮರಳುತ್ತದೆ, ಆದರೆ ಕಳೆದುಹೋದ ಕೆಲಸಗಳು ಮರಳುವುದಿಲ್ಲ. ಜನ ಬಿಟ್ಟುಹೋಗುತ್ತಾರೆ, ಅಷ್ಟೇ. 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಮುಚ್ಚಿದ ಮೇಲೆ ಪಿಟ್ಸ್‌ಬರ್ಗ್ ಪ್ರದೇಶದಿಂದ ಯುವಕರು ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದರು. ದರ ಸುಧಾರಿಸಿದ ನಗರ ಮೊದಲಿಗಿಂತ ಚಿಕ್ಕದೂ ವಯಸ್ಸಾದದ್ದೂ ಆಗಿತ್ತು.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ, ಎಲ್ಲಕ್ಕಿಂತ ಹೆಚ್ಚು ಬೇಕಾದ ಅಂಕಿ ಅವಧಿಯದ್ದು. ತಿಂಗಳಿಗೆ ಒಂದು ಲಕ್ಷ ಮಂದಿ ಕೆಲಸ ಕಳೆದುಕೊಂಡು ಸರಾಸರಿ ಮೂರು ತಿಂಗಳಲ್ಲಿ ಬೇರೆ ಕೆಲಸ ಹಿಡಿಯುವ ನಗರದಲ್ಲಿ ಯಾವುದೇ ಹೊತ್ತಿನಲ್ಲಿ 3 ಲಕ್ಷ ನಿರುದ್ಯೋಗಿಗಳಿರುತ್ತಾರೆ. ತಿಂಗಳಿಗೆ 25 ಸಾವಿರ ಮಂದಿ ಕೆಲಸ ಕಳೆದುಕೊಂಡು ಸರಾಸರಿ ಒಂದು ವರ್ಷ ಖಾಲಿ ಕೂರುವ ನಗರದಲ್ಲೂ 3 ಲಕ್ಷವೇ. ದರ ಒಂದೇ, ನಗರಗಳು ಬೇರೆಬೇರೆ. ಮೊದಲನೆಯದಕ್ಕೆ ಬೇಕಾದದ್ದು ಮೂರು ತಿಂಗಳ ಬಾಡಿಗೆ ಮತ್ತು ದಿನಸಿಗೆ ಆಸರೆ, ಬೇಗ ಹೊಂದಿಸಿಕೊಡುವ ವ್ಯವಸ್ಥೆ. ಎರಡನೆಯದಕ್ಕೆ ಹೊಸ ಕಸುಬಿನ ತರಬೇತಿ, ಕೆಲಸಕ್ಕೆ ಸೇರಿಸಿಕೊಳ್ಳುವವರಿಗೆ ಆರಂಭದ ತಿಂಗಳುಗಳ ಸಂಬಳದಲ್ಲಿ ಪಾಲು, ಕೆಲವೊಮ್ಮೆ ಸರ್ಕಾರವೇ ಮುಂದೆ ಬಂದು ಕೆಲಸ ಕೊಡುವುದು. ಒಂದಕ್ಕೆ ಕೊಡಬೇಕಾದ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಹಣವೂ ಹೋಗುತ್ತದೆ, ಕಾಲವೂ ಹೋಗುತ್ತದೆ.

ಕಾಲ ಹೋದಷ್ಟೂ ಬಾಗಿಲು ಮುಚ್ಚುತ್ತದೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ಕೋರಿ ಕ್ರಾಫ್ಟ್, ಫ್ಯಾಬಿಯನ್ ಲಾಂಗ್, ಮ್ಯಾಥ್ಯೂ ನೊಟೊವಿಡಿಗ್ಡೊ ಎಂಬ ಸಂಶೋಧಕರು ಅಮೆರಿಕದ 100 ನಗರಗಳ ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಕಲ್ಪಿತ ಅರ್ಜಿಗಳನ್ನು ಕಳಿಸಿದರು, ಖಾಲಿ ಕೂತ ತಿಂಗಳುಗಳ ಸಂಖ್ಯೆಯನ್ನು ಬದಲಿಸುತ್ತಾ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಿಂಗಳು ಹೆಚ್ಚಿದಂತೆ ಸಂದರ್ಶನದ ಕರೆ ಕಡಿಮೆಯಾಯಿತು, ಆ ಇಳಿಕೆಯ ಬಹುಪಾಲು ಮೊದಲ ಎಂಟು ತಿಂಗಳಲ್ಲೇ ಆಯಿತು. ಕೆಲಸ ಸುಲಭವಾಗಿ ಸಿಗುವ ನಗರಗಳಲ್ಲಿ ಈ ಪರಿಣಾಮ ಇನ್ನೂ ತೀವ್ರ. ಎಲ್ಲರಿಗೂ ಕೆಲಸ ಸಿಗುತ್ತಿರುವಾಗ ಇವರಿಗೇಕೆ ಸಿಗಲಿಲ್ಲ ಎಂಬ ಅನುಮಾನ ಅಲ್ಲಿ ಬೇಗ ಹುಟ್ಟುತ್ತದೆ. ಆದ್ದರಿಂದ ನೆರವು ಎಂಟನೇ ತಿಂಗಳ ನಂತರ ಬಂದರೆ ತಡವಾಯಿತು. ಮೂರನೇ, ನಾಲ್ಕನೇ ತಿಂಗಳಲ್ಲೇ ತಲುಪಬೇಕು. ಒಂದು ತಿಂಗಳ ಅರೆಕಾಲಿಕ ಕೆಲಸವಾದರೂ ಅರ್ಜಿಯಲ್ಲಿನ ಆ ಖಾಲಿ ಜಾಗವನ್ನು ತುಂಡರಿಸುತ್ತದೆ.

ಯಾವುದೇ ಮಹಾನಗರದ ವರದಿಯಲ್ಲಿ ನಾವು ಮೊದಲು ಹುಡುಕುವುದು ಒಂದು ಪುಟ್ಟ ಕೋಷ್ಟಕ. ಮೂರು ತಿಂಗಳೊಳಗಿನ ನಿರುದ್ಯೋಗಿಗಳು ಎಷ್ಟು, ಮೂರರಿಂದ ಆರು ಎಷ್ಟು, ಆರರಿಂದ ಹನ್ನೆರಡು ಎಷ್ಟು, ವರ್ಷ ದಾಟಿದವರು ಎಷ್ಟು. ಗಂಡಸರು, ಹೆಂಗಸರು ಬೇರೆಬೇರೆ. 15ರಿಂದ 29ರ ವಯಸ್ಸಿನವರು ಪ್ರತ್ಯೇಕ. ಕೆಳಗಿನ ಸಾಲಿನಲ್ಲಿ ದುಡಿಯುವವರ ಪಾಲು, ಪಕ್ಕದಲ್ಲಿ ಮಾನಕ ದೋಷ. ಇಷ್ಟು ಒಂದು ಪುಟದಲ್ಲಿ ಹಿಡಿಯುತ್ತದೆ. ವರ್ಷ ದಾಟಿದವರ ಸಾಲು ಕುಗ್ಗಿದ್ದು ಕಂಡರೆ ಸಂತೋಷಪಡುವ ಮುನ್ನ ಕಣ್ಣು ಕೆಳಗಿನ ಸಾಲಿಗೆ ಹೋಗಬೇಕು. ದುಡಿಯುವವರ ಪಾಲು ಏರಿದ್ದರೆ ಅವರಲ್ಲಿ ಹಲವರಿಗೆ ಕೆಲಸ ಸಿಕ್ಕಿರಬಹುದು, ಇಲ್ಲವೇ ಅವರು ನಗರ ಬಿಟ್ಟು ಹೋಗಿರಬಹುದು. ಏರದಿದ್ದರೆ ಅವರಲ್ಲಿ ಹಲವರು ಹುಡುಕುವುದನ್ನು ಬಿಟ್ಟು ಮನೆಯಲ್ಲೇ ಕೂತಿರಬಹುದು.